ತೊಟ್ಟು ಕೆಳಗೆ, ಕಣ್ಣು ಮೇಲೆ

ಜುಲೈ 26, ಸಂಜೆ

ಎರಡು ಸಾಲು ಮುಗಿಯಿತು. ಇನ್ನೂ ಒಂಬತ್ತು. ಮೂರೆಲೆ ಅನ್ನುವ ಮುಳ್ಳುಕಿತ್ತಳೆಯ ಸಸಿಗಳ ಬುಡದಿಂದ ಒಂದು ಗೇಣು ಎತ್ತರದವರೆಗೆ ಮುಳ್ಳು ಸವರುವ ಕೆಲಸ. ಈಗ ಸವರದಿದ್ದರೆ ಮುಂದಿನ ತಿಂಗಳು ಕಸಿ ಕಟ್ಟುವಾಗ ಕೈ ಇಡಲು ಜಾಗ ಇರುವುದಿಲ್ಲ. ಎಂಥ ಗಿಡವಪ್ಪಾ ಇದು! ಒಂದು ತೊಟ್ಟಿಗೆ ಮೂರು ಎಲೆ, ಪ್ರತಿ ಎಲೆಯ ಬುಡಕ್ಕೊಂದು ಮುಳ್ಳು, ಬೆರಳುದ್ದ. ಹಣ್ಣು ನಿಂಬೆಗಿಂತ ಚಿಕ್ಕದು, ಮೈಮೇಲೆ ನವಿರು ಕೂದಲು, ಬಾಯಿಗಿಟ್ಟರೆ ಕಹಿಗೆ ನಾಲಿಗೆ ಒಳಗೆ ಓಡಿಹೋಗುತ್ತದೆ. ಆದರೆ ಬೇರು ಮಾತ್ರ ಗಟ್ಟಿ. ಹೋದ ಚಳಿಗಾಲದಲ್ಲಿ ಹಿಮ ಬಿದ್ದಾಗ ಸಿಹಿ ಕಿತ್ತಳೆಗಳೆಲ್ಲ ಕರಕಲಾದವು, ಬೇಲಿಯ ಮೂರೆಲೆ ಒಂದು ಕಡ್ಡಿಯನ್ನೂ ಕಳೆದುಕೊಳ್ಳಲಿಲ್ಲ. ಅದಕ್ಕೇ ಬೇರು ಇದರದು, ಹಣ್ಣು ಸಿಹಿ ಕಿತ್ತಳೆಯದು. ಇಡೀ ನರ್ಸರಿ ನಿಂತಿರುವುದು ಇಷ್ಟರ ಮೇಲೆ.

ಗುಬ್ಬಿ ಚರ್ಮದ ಕೈಗವಸು ಹಾಕಿಕೊಂಡು ಬಂದಿದ್ದಳು. ಗುಬ್ಬಿ ಅಂದರೆ ನನ್ನ ಓರಗಿತ್ತಿ. ಮದುವೆಯಾಗಿ ಬಂದ ವರ್ಷ ನಾನೇ ಇಟ್ಟ ಹೆಸರು, ಅವಳ ಗಂಡ ಕೂಡ ಈಗ ಹಾಗೇ ಕರೆಯುತ್ತಾನೆ. ನನಗೂ ಒಂದು ಜೊತೆ ತಂದಿದ್ದಳು.

“ಹಾಕ್ಕೊಳ್ಳಿ ಅಕ್ಕ.”

“ಮೂವತ್ತೊಂದು ವರ್ಷದಿಂದ ಬರಿಗೈಯಲ್ಲಿ ಮಾಡಿದೀನಿ. ಈಗೇನು ಹೊಸ ಮದುಮಗಳಾ ನಾನು?”

ಅವಳು ಆ ಜೋಡಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಾತಿಗೆ ಮಾತು ಕೊಡುವವಳಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಒಂದೊಂದು ಸಲ.

ಬಿಪಿ ಡಾಕ್ಟರು ಹೇಳಿದ್ದು — ಕೋಪ ಬಂದಾಗ ಬಾಯಿ ತೆಗೆಯಬೇಡಿ, ಪುಸ್ತಕ ತೆಗೆಯಿರಿ. ಇದು ಮೂರನೇ ಪುಸ್ತಕ. ಬಿಪಿ ಇದ್ದಲ್ಲೇ ಇದೆ.

ಜುಲೈ 28

ಮುಳ್ಳು ಹೊಕ್ಕಿತು. ಬಲಗೈ ತೋರುಬೆರಳು, ನಡುಗೆಣ್ಣಿಗೇ. ಕಣ್ಣಲ್ಲಿ ನೀರು ಬಂತು. ಹಲ್ಲಲ್ಲಿ ಕಚ್ಚಿ ಎಳೆದೆ, ಬಂತು. ಗುಬ್ಬಿ ಆ ಮುಳ್ಳನ್ನು ಅಂಗೈಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದಳು.

“ಅಕ್ಕ, ತುದಿ ಚೂಪಾಗಿಲ್ಲ. ಒಳಗೆ ಮುರಿದಿರೋ ಹಾಗಿದೆ.”

“ಮುಳ್ಳಿನ ವಿಷಯ ನಂಗೆ ಹೇಳ್ಕೊಡ್ಬೇಡ ನೀನು.”

ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡೆ. ಇನ್ನೂ ಏಳು ಸಾಲು.

ಆಗಸ್ಟ್ 3

ಬೆರಳು ಸರಿಹೋಗಿದೆ. ಊತ ಇಳಿದಿದೆ. ಬೇಕೆಂದೇ ಗುಬ್ಬಿಯ ಮುಂದೆ ನಾಲ್ಕು ಸಲ ಮಡಚಿ ತೋರಿಸಿದೆ.

ಆಗಸ್ಟ್ 14, ಬೆಳಿಗ್ಗೆ ಆರು

ಊತ ಮತ್ತೆ ಬಂದಿದೆ. ಗೆಣ್ಣು ಗಜ್ಜುಗದ ಕಾಯಿಯಷ್ಟಾಗಿದೆ. ನೋವು ಅಂಥದ್ದೇನಿಲ್ಲ, ಆದರೆ ಮಡಚುವುದಿಲ್ಲ. ಹಲ್ಲುಜ್ಜುವ ಬ್ರಶ್ ಕೈಯಿಂದ ಜಾರಿತು. ಈ ಪೆನ್ನನ್ನೂ ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ನನಗೇ ನಗು.

ನಾಡಿದ್ದಿನಿಂದ ಕಣ್ಣು ಕೂರಿಸುವ ಕೆಲಸ, ಅಂದರೆ ಸಿಹಿ ಕಿತ್ತಳೆಯ ಚಿಗುರುಮೊಗ್ಗನ್ನು ಮೂರೆಲೆಯ ತೊಗಟೆಯೊಳಗೆ ಇಡುವುದು. ಇದೇ ಐದಾರು ವಾರ ಮೂರೆಲೆಯ ತೊಗಟೆ ಬಿಟ್ಟುಕೊಡುವುದು. ಆಮೇಲೆ ಕಲ್ಲು. ಇವರಿಗೆ ಹೇಳಲಿಲ್ಲ. ಹೇಳಿದರೆ ರಜೆ ಹಾಕು ಅನ್ನುತ್ತಾರೆ. ಇವರಂಥ ಬಸ್ ಡ್ರೈವರ್‌ಗೆ ರಜೆ ಅಂದರೆ ಇನ್ನೊಬ್ಬ ಡ್ರೈವರ್ ಬರುತ್ತಾನೆ. ನನಗೆ ರಜೆ ಅಂದರೆ ಯಾರು ಬರುತ್ತಾರೆ?

ಬರುತ್ತಾರೆ. ಅದೇ ಭಯ.

ಆಗಸ್ಟ್ 16

ಮೇಡಂ ಆಫೀಸಿಗೆ ಕರೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳ ಕಟ್ಟು ಮೇಜಿನ ಮೇಲೆ. ಕೂಸನ್ನು ಮಲಗಿಸಿದ ಹಾಗೆ ಇಟ್ಟಿದ್ದರು.

ದೊಡ್ಡವರ ಮರದ್ದು. ದೊಡ್ಡವರು ಅಂದರೆ ಮೇಡಂ ಅವರ ತಂದೆ, ಈ ನರ್ಸರಿ ಕಟ್ಟಿದವರು, ನನ್ನ ಕೈಗೆ ಮೊದಲ ಸಲ ಕಸಿಚಾಕು ಕೊಟ್ಟವರು. ಬೀಜದಿಂದ ಹುಟ್ಟಿದ ಅವರ ಒಂದೇ ಒಂದು ಕಿತ್ತಳೆ, ಸಿಪ್ಪೆ ಕಾಗದದಂತೆ, ಹಾಗೊಂದು ಹಣ್ಣು ಬೇರೆಲ್ಲೂ ಇಲ್ಲ. ಅವರು ಹೋಗಿ ನಾಲ್ಕು ವರ್ಷ. ಹೋದ ಚಳಿಗಾಲದಲ್ಲಿ ಮರವೂ ಹೋಯಿತು. ಗೋಡೆ ಕಡೆಯ ಒಂದೇ ಕೊಂಬೆಗೆ ಜೀವ ಉಳಿದಿತ್ತು. ಈಗ ಅದೂ ಒಣಗುತ್ತಿದೆಯಂತೆ.

“ಇರೋದು ಇಷ್ಟೇ. ಎಣಿಸಿದೀನಿ, ಮುನ್ನೂರ ಅರವತ್ತು ಕಣ್ಣು. ಬೇರೆ ಯಾರ ಕೈಗೂ ಕೊಡಲ್ಲ ನಾನು,” ಅಂದರು.

ನನ್ನ ಕೈ ಸೀರೆಯ ಸೆರಗಿನೊಳಗಿತ್ತು. ಆ ಹೊತ್ತಿಗೆ ತೆಗೆದು ತೋರಿಸಬೇಕಿತ್ತು. “ಆಯ್ತು ಮೇಡಂ” ಅಂದೆ. ಬೇಡದ ಕಡೆ ಬಾಯಿ ಮಾಡುವುದು, ಬೇಕಾದ ಕಡೆ ಬೀಗ!

ಆಗಸ್ಟ್ 17, ಸಂಜೆ

ಮುಗಿಸಿದೆ! ಮುನ್ನೂರ ಅರವತ್ತೂ. ಎಡಗೈಯಲ್ಲಿ!

ಬಲಗೈಯಲ್ಲಿ ಮೊದಲ ಗಿಡಕ್ಕೇ ಚಾಕು ಜಾರಿತು. ಅತ್ತಿತ್ತ ನೋಡಿದೆ. ಮೇಸ್ತ್ರಿ ದೂರದ ಶೆಡ್ಡಿನಲ್ಲಿದ್ದ. ಚಾಕುವನ್ನು ಎಡಗೈಗೆ ತೆಗೆದುಕೊಂಡೆ, ಕಡ್ಡಿ ಬಲಗೈಯ ಉಳಿದ ಬೆರಳುಗಳಿಗೆ. ಮೊದಲ ಹತ್ತು ಆಮೆ ವೇಗ. ಆಮೇಲೆ ಕೈ ಕುದುರಿತು. ಸಸಿಯ ತೊಗಟೆಯನ್ನು ಸೀಳು, ಕಡ್ಡಿಯಿಂದ ಕಣ್ಣನ್ನು ಸಿಪ್ಪೆಸಮೇತ ಎಬ್ಬಿಸು, ಒಳಗೆ ಜಾರಿಸು, ಮುಂದೆ ನಡಿ. ಹಿಂದಿನಿಂದ ಗುಬ್ಬಿ ಕಣ್ಣು ಅಲುಗದ ಹಾಗೆ ಪಟ್ಟಿ ಸುತ್ತುತ್ತಾ ಬರುವುದು. ಹತ್ತೊಂಬತ್ತು ವರ್ಷದಿಂದ ಹೀಗೇ, ನಾನು ಕೂರಿಸುವುದು, ಅವಳು ಸುತ್ತುವುದು. ಸಾಲಿನಲ್ಲಿ ನನ್ನ ಬೆನ್ನು ನೋಡಿಕೊಂಡೇ ಅವಳಿಗೆ ನಲವತ್ತೆರಡಾಯಿತು.

ಶುರುವಿನಲ್ಲೇ ಒಂದು ಸಲ ಕರೆದಳು.

“ಅಕ್ಕ, ಇದು ಹೀಗೇನಾ?”

“ಹೀಗೇ! ಸುತ್ತು.”

ಎಡಗೈ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಇಡೀ ದಿನ ಅವಳ ಬಾಯಿಂದ ಒಂದು ಮಾತಿಲ್ಲ. ಊಟದ ಹೊತ್ತಿಗೂ ಆ ಕಡೆ ಹೋಗಿ ಕೂತಳು. ಏನು ಕೊಬ್ಬೋ. ಇರಲಿ. ಐವತ್ತಮೂರನೇ ವಯಸ್ಸಿಗೆ ಹೊಸ ಕೈ ಬಂದಿದೆ ನನಗೆ!

ಆಗಸ್ಟ್ 29

ಕ್ಲಿನಿಕ್ಕು. ಎಕ್ಸ್‌ರೇ ತೆಗೆದರು. ಏನೂ ಇಲ್ಲ. “ವಯಸ್ಸಾಯ್ತಲ್ಲ, ಕೀಲುವಾತ” ಅಂದ ಅಲ್ಲಿನ ಡಾಕ್ಟರ. ಗುಳಿಗೆ, ಮುಲಾಮು. ಮುಳ್ಳು ಹೊಕ್ಕಿದ್ದು ಹೇಳಲಿಲ್ಲ. ಅದು ತಿಂಗಳ ಹಿಂದಿನ ಮಾತು, ಪೂರ್ತಿ ಬಂದಿತ್ತು.

ಬಂದಿತ್ತಾ?

ಸೆಪ್ಟೆಂಬರ್ 8

ಬರೆಯಲು ಕೈ ಬರುತ್ತಿಲ್ಲ. ಬೆರಳಿನಿಂದಲ್ಲ.

ಇವತ್ತು ಪಟ್ಟಿ ಬಿಚ್ಚುವ ದಿನ. ಮೇಡಂ ಕ್ಯಾಮೆರಾ ತಂದಿದ್ದರು. ಮೇಸ್ತ್ರಿ ಮೊದಲನೆಯದನ್ನು ಬಿಚ್ಚಿದ. ಕಣ್ಣು ಹಸಿರಾಗಿ ಕೂತಿದೆ, ಹಿಡಿದಿದೆ. ಎರಡನೆಯದು. ಅದೂ ಹಿಡಿದಿದೆ. ಮೂರನೆಯದಕ್ಕೆ ಮೇಸ್ತ್ರಿ ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದ.

“ಏನಿದು... ತಲೆಕೆಳಗೆ ಇದೆಯಲ್ಲ?”

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ: ಎಲೆ ಕಿತ್ತ ತೊಟ್ಟು ಕೆಳಗೆ, ಕಣ್ಣು ಮೇಲೆ. ಇಲ್ಲಿ ತೊಟ್ಟಿನ ಗುರುತು ಮೇಲಿದೆ. ಕಣ್ಣು ಅದರ ಅಡಿಯಲ್ಲಿ, ನೆಲ ನೋಡುತ್ತಾ. ಪಟ್ಟಿ ಬಿಚ್ಚುತ್ತಾ ಓಡಿದೆ. ನಾಲ್ಕು, ಹತ್ತು, ಮೂವತ್ತು. ಸಾಲಿಗೆ ಸಾಲೇ. ಚಾಕು ಎಡಗೈಗೆ ಬಂದಾಗ ಕಡ್ಡಿಯೂ ತುದಿ ಬುಡ ತಿರುಗಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಮಾತ್ರ ತಿರುಗಲಿಲ್ಲ. ಕಡ್ಡಿಯ ಆಚೆ ತುದಿ ಯಾವತ್ತೂ ಮೇಲು ಅಂತ ಕೈ ತಿಳಿದುಕೊಂಡುಬಿಟ್ಟಿತ್ತು, ಹಾಗೇ ಕೂರಿಸುತ್ತಾ ಹೋಯಿತು.

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಕ್ಯಾಮೆರಾವನ್ನು ಮುಚ್ಚಿ ಚೀಲಕ್ಕೆ ಹಾಕಿದರು.

“ಯಾರು ಮಾಡಿದ್ದು ಇದು?”

ಬಾಯಿ ತೆರೆದೆ. ದೇವರಾಣೆ ತೆರೆದಿದ್ದೆ.

“ನಾನು ಮೇಡಂ,” ಅಂದಳು ಗುಬ್ಬಿ. “ಅಕ್ಕನ ಕೈ ನೋಯ್ತಿತ್ತು. ಅವರು ಬೇಡ ಅಂದ್ರೂ ಕೇಳ್ದೆ ನಾನೇ ಕೂರಿಸ್ದೆ.”

ಮೇಡಂ ನನ್ನ ಕಡೆ ನೋಡಿದರು. ಆಗ ಹೇಳಬೇಕಿತ್ತು. ತಲೆ ತಗ್ಗಿಸಿದೆ. ತಲೆ ತಗ್ಗಿಸುವುದು ಅಂದರೆ ಹೌದು ಅಂದ ಹಾಗೇ ತಾನೇ?

ಸೆಪ್ಟೆಂಬರ್ 9

ಗುಬ್ಬಿಯನ್ನು ಬೀಜದ ಶೆಡ್ಡಿಗೆ ಹಾಕಿದ್ದಾರೆ. ಉದುರಿದ ಮೂರೆಲೆ ಹಣ್ಣು ಕೊಯ್ದು, ಅಂಟು ತೊಳೆದು, ಬೀಜ ತೆಗೆಯುವ ಕೆಲಸ. ಒಂದೊಂದು ಹಣ್ಣಿನಲ್ಲಿ ನಲವತ್ತು ಬೀಜ. ಅಂಟು ಸಾಯಂಕಾಲದವರೆಗೂ ಕೈ ಬಿಡುವುದಿಲ್ಲ. ನನಗೆ ಪಟ್ಟಿ ಸುತ್ತಲು ಬೇರೆ ಹೆಂಗಸನ್ನು ಕೊಟ್ಟರು. ಅವಳು ವಟವಟ ಮಾತಾಡುತ್ತಾಳೆ. ತಲೆ ಚಿಟ್ಟುಹಿಡಿಯಿತು.

ಸೆಪ್ಟೆಂಬರ್ 10

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಎರಡು ಸಲ ಒಲೆ ಹಚ್ಚಿ ಆರಿಸಿದೆ. ಒಣಗಿದ ಬಟ್ಟೆಯನ್ನು ಮತ್ತೆ ನೆನೆಸಿದೆ. “ಏನಾಗಿದೆ ನಿಂಗೆ?” ಅಂದರು ಇವರು. “ಏನಿಲ್ಲ” ಅಂದೆ. ಗುಬ್ಬಿಯ ಮನೆ ನಮ್ಮ ಮನೆಯ ಮೇಲೇ. ಅವಳ ಹೆಜ್ಜೆ ಸದ್ದು ನನ್ನ ನೆತ್ತಿಯ ಮೇಲೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ. ಅವಳಿಗೂ ಕೂರಲಾಗುತ್ತಿಲ್ಲವೇನೋ.

ಸೆಪ್ಟೆಂಬರ್ 11, ಸಂಜೆ

ಹತ್ತಿ ಹೋದೆ. ಬಾಗಿಲು ತೆರೆದೇ ಇತ್ತು. ಅವಳು ಸಿಂಕಿನಲ್ಲಿ ಸೀಮೆಎಣ್ಣೆ ಹಾಕಿ ಕೈಯ ಅಂಟು ಉಜ್ಜುತ್ತಿದ್ದಳು.

“ಯಾಕೆ ಹಾಗೆ ಹೇಳ್ದೆ?”

“ಟೀ ಕುಡೀತೀರಾ?”

“ಗುಬ್ಬೀ.”

ನಲ್ಲಿ ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ.

“ಮೊದಲನೇ ಕಣ್ಣಿಗೇ ನೋಡ್ದೆ ಅಕ್ಕ. ತೊಟ್ಟು ಮೇಲಿತ್ತು. ಕೇಳ್ದೆ. ಹೀಗೇ ಸುತ್ತು ಅಂದ್ರಿ.”

“ಇನ್ನೊಂದ್ಸಲ ಹೇಳ್ಬಾರ್ದಾ?”

“ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಹೇಳಿಲ್ಲ ನಾನು? ಸೀಳು ಆಳ ಆಯ್ತು ಅಂದೆ, ಕಡ್ಡಿ ಒಣಗ್ತಿದೆ ಅಂದೆ, ಮುಳ್ಳು ಮುರಿದಿದೆ ಅಂದೆ. ಪ್ರತಿ ಸಲ ಎಲ್ಲರೆದುರು ಮೂತಿಗೆ ಹೊಡೆದ ಹಾಗೆ ಮಾತಾಡಿದ್ರಿ. ಅವತ್ತು...” ತಡವರಿಸಿದಳು. “ಅವತ್ತು ಅನ್ನಿಸ್ತು, ಆಗ್ಲಿ, ಒಂದ್ಸಲ ಇವರದ್ದೂ ತಪ್ಪಾಗ್ಲಿ, ಎಲ್ಲರೂ ನೋಡ್ಲಿ. ಹತ್ತು ಗಿಡ ಆದ್ಮೇಲೆ ಹೇಳೋಣ ಅಂದ್ಕೊಂಡೆ. ಇಪ್ಪತ್ತಾಯ್ತು. ನೂರಾದ್ಮೇಲೆ ಹೇಳೋಕೆ ಹೆದರಿಕೆ ಆಯ್ತು. ದೊಡ್ಡವರ ಮರ ಅಕ್ಕ ಅದು. ಮುನ್ನೂರ ಅರವತ್ತು ಸಲ ಬೇಕೂಂತ್ಲೇ ಸುತ್ತಿದೀನಿ ನಾನು. ನನ್ನ ತಪ್ಪು ಅಂದಿದ್ದು ಪೂರ್ತಿ ಸುಳ್ಳೇನಲ್ಲ.”

ಬೈಯಬೇಕು ಅಂತ ಬಾಯಿ ತುಂಬಿ ಬಂತು. ಬೈಯದೆ ಕೆಳಗಿಳಿದು ಬಂದೆ. ಅವಳ ಮೇಲೆ ಕೋಪ. ಅದಕ್ಕಿಂತ ಜಾಸ್ತಿ ನನ್ನ ಮೇಲೆ. ನನ್ನ ಬೆನ್ನ ಹಿಂದೆ ಒಬ್ಬಳು ಇಷ್ಟು ವರ್ಷ ಇಷ್ಟು ನುಂಗಿಕೊಂಡು ನಡೆದಿದ್ದಾಳೆ, ನಾನು ಒಂದು ದಿನವೂ ತಿರುಗಿ ನೋಡಲಿಲ್ಲ.

ಸೆಪ್ಟೆಂಬರ್ 13

ಮೇಸ್ತ್ರಿ ಸುದ್ದಿ ತಂದ. ಸೋಮವಾರ ಆ ಮುನ್ನೂರ ಅರವತ್ತನ್ನೂ ಕೆತ್ತಿಹಾಕಿ, ತೊಗಟೆ ಇನ್ನೂ ಬಿಡುತ್ತಿರುವಾಗಲೇ ಮಾಮೂಲಿ ಕಿತ್ತಳೆಯ ಕಣ್ಣು ಕೂರಿಸುವುದಂತೆ. ತಲೆಕೆಳಗಾದ ಗಿಡ ಯಾರು ಕೊಳ್ಳುತ್ತಾರೆ ಅಂತ ಮೇಡಂ ಅಂದರಂತೆ. ದೊಡ್ಡವರ ಮರದ ಆ ಕೊನೆ ಕೊಂಬೆಯೂ ನಿನ್ನೆ ಒಣಗಿತಂತೆ.

ತಲೆಕೆಳಗಿನ ಕಣ್ಣು ಸಾಯುವುದಿಲ್ಲ. ನನಗೆ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಒಂದನ್ನು ಹಾಗೆ ಕೂರಿಸಿದ್ದೆ. ದೊಡ್ಡವರು ಬೈಯಲಿಲ್ಲ. “ಬಿಡು, ಏನು ಮಾಡುತ್ತೆ ನೋಡೋಣ” ಅಂದರು. ವಸಂತದಲ್ಲಿ ಅದು ಕೆಳಕ್ಕೆ ಚಿಗುರಿತು, ನಾಲ್ಕು ಬೆರಳು ಇಳಿದು, ಬಾಗಿ, ಮೇಲೆದ್ದಿತು. ಕೊಡೆಯ ಹಿಡಿಯ ಹಾಗೆ. ಆ ಗಿಡ ಮಾರಲು ಬರುವುದಿಲ್ಲ, ನಿಜ. ಆದರೆ ಆ ಚಿಗುರಿನಲ್ಲಿ ಕಣ್ಣುಗಳಿರುತ್ತವೆ. ಒಂದು ವರ್ಷ ಕಾದರೆ ಅವನ್ನು ತೆಗೆದು ಹೊಸ ಸಸಿಗೆ ನೆಟ್ಟಗೆ ಕೂರಿಸಬಹುದು.

ಇದನ್ನು ಹೇಳಬೇಕೆಂದರೆ ಹೋಗಬೇಕು. ಹೋದರೆ ಉಳಿದದ್ದನ್ನೂ ಹೇಳಬೇಕು. ಹೇಳಿದರೆ ಈ ಬೆರಳು, ಈ ಚಾಕು... ನನಗೆ ಇನ್ನೇನು ಬರುತ್ತದೆ? ಅಡುಗೆ ಕೂಡ ಚೆನ್ನಾಗಿ ಬರುವುದಿಲ್ಲ, ಇವರನ್ನೇ ಕೇಳಿ.

ಸೆಪ್ಟೆಂಬರ್ 14, ಭಾನುವಾರ

ಮೇಡಂ ಮನೆ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಎರಡು ಸಲ. ಎರಡನೇ ಸಲ ಗೇಟಿನ ನಾಯಿಗೂ ನನ್ನ ಪರಿಚಯವಾಗಿ ಬಾಲ ಅಲ್ಲಾಡಿಸಿತು.

ಸೆಪ್ಟೆಂಬರ್ 15, ಬೆಳಿಗ್ಗೆ ಒಂಬತ್ತೂವರೆ, ಆಫೀಸಿನ ಹೊರಗಿನ ಬೆಂಚು

ಹೇಳಿದೆ.

ನಿಂತೇ ಹೇಳಿದೆ, ಕೂರಲು ಹೇಳಿದರೂ. ಬೆರಳು ಮೇಜಿನ ಮೇಲಿಟ್ಟು ತೋರಿಸಿದೆ. ಎಡಗೈ ವಿಷಯ, ಕಡ್ಡಿ ತಿರುಗಿದ್ದು, ಸುಮ್ಮನಿದ್ದದ್ದು, ತಲೆಕೆಳಗಿನ ಕಣ್ಣು ಬಾಗಿ ಮೇಲೇಳುವುದು, ಎಲ್ಲ. ಗುಬ್ಬಿ ಅವತ್ತೇ ಕೇಳಿದ್ದಳು, ಬಾಯಿ ಮುಚ್ಚಿಸಿದ್ದು ನಾನು ಅಂದೆ. ಅವಳ ಉಳಿದ ಮಾತು ಅವಳದು. ಅದನ್ನು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ.

ಮೇಡಂ ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ದೊಡ್ಡವರ ಮರ ಕಾಣುತ್ತದೆ. ಕಾಣುತ್ತಿತ್ತು.

“ಒಂದು ವಾರ ಇನ್ನೊಬ್ಬಳ ಹಿಂದೆ ಬಚ್ಚಿಟ್ಟುಕೊಂಡ್ರಲ್ಲ ನೀವು. ಅಪ್ಪ ನಿಮ್ಮನ್ನ ಏನಂದ್ಕೊಂಡಿದ್ರು ಗೊತ್ತಾ?” ಅಂದರು. ಕೂಗಲಿಲ್ಲ. ಕೂಗಿದ್ದರೆ ಆಗುತ್ತಿತ್ತು.

ಸಾಲು ಉಳಿಯುತ್ತದೆ, ಒಂದು ವರ್ಷ. ಅದಕ್ಕೆ ಒಪ್ಪಿದರು. ಚಾಕು ಗುಬ್ಬಿಗೆ. ಅದನ್ನು ಮೇಜಿನ ಮೇಲಿಟ್ಟು ಬಂದೆ. ಮೂವತ್ತೊಂದು ವರ್ಷ ಸೊಂಟದಲ್ಲಿದ್ದ ಚಾಕು. ನಡೆಯುವಾಗ ಒಂದು ಕಡೆ ಹಗುರಾಗಿ ಕಾಲು ತಪ್ಪುತ್ತಿದೆ. ಅಳು ಬಂತು, ಅತ್ತೆ. ಮೇಸ್ತ್ರಿ ನೋಡಿದ. ನೋಡಲಿ.

ಸೆಪ್ಟೆಂಬರ್ 22

ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಗುಬ್ಬಿಯೇ. ಡಾಕ್ಟರಮ್ಮ ಕೇಳಿದರು, “ಮುಳ್ಳುಗಿಳ್ಳು ಚುಚ್ಚಿತ್ತಾ?” ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, “ಚುಚ್ಚಿತ್ತು. ಜುಲೈ ಇಪ್ಪತ್ತೆಂಟು. ತುದಿ ಒಳಗಿದೆ.” ತಾರೀಖು ಸಮೇತ!

ಸ್ಕ್ಯಾನ್ ಮಾಡಿದರು. ಮುಳ್ಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ, ಇದರಲ್ಲಿ ಕಾಣುತ್ತದಂತೆ. ಪರದೆಯ ಮೇಲೆ ಒಂದು ಬಿಳಿ ಗೆರೆ, ಅಕ್ಕಿಕಾಳಿಗಿಂತ ಚಿಕ್ಕದು.

ಗುಬ್ಬಿ ನನ್ನ ಕಡೆ ನೋಡಲೇ ಇಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ಅಕ್ಟೋಬರ್ 6

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮುಳ್ಳು ತೆಗೆದರು. ಬಾಟಲಿಯಲ್ಲಿ ಹಾಕಿ ಕೊಟ್ಟರು. ಬೆರಳು ಪೂರ್ತಿ ಮಡಚಲಿಕ್ಕಿಲ್ಲವಂತೆ. ಸಾಕು ಇವತ್ತಿಗೆ.

ಏಪ್ರಿಲ್ 9

ಚಳಿಗಾಲ ಕಳೆಯಿತು. ಮುನ್ನೂರ ಅರವತ್ತರಲ್ಲಿ ಇನ್ನೂರ ಎಂಬತ್ತೆಂಟು ಚಿಗುರಿವೆ. ಕೆಳಕ್ಕೆ. ಮೂರೆಲೆಯೇನು ಸುಮ್ಮನಿದೆಯೇ, ತನ್ನದೇ ಚಿಗುರನ್ನು ಬುಡದಿಂದ ಹತ್ತು ಕಡೆ ಎಬ್ಬಿಸುತ್ತಿದೆ. ಮೂರು ಎಲೆ ಕಂಡರೆ ಉಜ್ಜಿಹಾಕುವುದು, ಕಿತ್ತಳೆಯ ಒಂಟಿ ಎಲೆ ಕಂಡರೆ ಬಿಡುವುದು, ಇದು ಈಗ ನನ್ನ ಕೆಲಸ. ಬಗ್ಗಿ ಬಗ್ಗಿ ಸೊಂಟ ಹೋಯಿತು. ಚರ್ಮದ ಕೈಗವಸು ಹಾಕಿಕೊಳ್ಳುತ್ತೇನೆ. ಗುಬ್ಬಿ ನೋಡಿದಳು, ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

ನಮ್ಮಿಬ್ಬರ ನಡುವೆ ಈಗ ಉಪ್ಪು ಬೇಕಾ, ಬಸ್ ಬಂತಾ, ಅಷ್ಟೇ ಮಾತು. ಅವಳು ನನಗೆ ಹೆದರುವುದನ್ನು ಬಿಟ್ಟಿಲ್ಲ, ನಾನು ಅವಳಿಗೆ ಹೆದರಲು ಶುರುಮಾಡಿದ್ದೇನೆ.

ಮೇ 30

ಬಾಗಿ ಮೇಲೆದ್ದವು! ಒಂದಲ್ಲ, ಸಾಲಿಗೆ ಸಾಲೇ. ಮೇಡಂ ಬಂದು ನೋಡಿದರು. ನನ್ನ ಜೊತೆ ಮಾತಾಡಲಿಲ್ಲ, ಗಿಡದ ಜೊತೆ ಮಾತಾಡಿದರು.

ಆಗಸ್ಟ್ 17, ಮಧ್ಯಾಹ್ನ, ಊಟದ ಬಿಡುವು

ಸರಿಯಾಗಿ ಒಂದು ವರ್ಷ. ಕೊಡೆ ಹಿಡಿಗಳಿಂದ ಕಡ್ಡಿ ಕತ್ತರಿಸಿದ್ದು ಬೆಳಗಿನ ಆರಕ್ಕೆ. ಒಂಬೈನೂರು ಕಣ್ಣು, ಇನ್ನೂ ಇದೆ. ಹೊಸ ಮೂರೆಲೆ ಸಾಲು. ಗುಬ್ಬಿ ಮುಂದೆ, ಚಾಕು ಅವಳ ಸೊಂಟದಲ್ಲಿ. ಪಟ್ಟಿಯ ಸುರುಳಿ ನನ್ನ ಸೊಂಟದಲ್ಲಿ. ಅರ್ಧ ಮಡಚುವ ಬೆರಳಿಗೆ ಪಟ್ಟಿ ಸುತ್ತುವುದು ಬರುತ್ತದೆ.

ಹಿಂದಿನಿಂದ ನಡೆಯುವುದು ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ಮುಂದಿನವಳ ಬೆನ್ನು, ಅವಳ ಹಿಮ್ಮಡಿ, ಅವಳು ಕೂರಿಸಿ ಹೋದ ಕಣ್ಣು. ಎಲ್ಲ ಕಾಣುತ್ತದೆ. ಅವಳ ಸೀಳು ಸ್ವಲ್ಪ ಉದ್ದ. ಅವಳು ಚಾಕು ಒರೆಸುವುದು ಕಡಿಮೆ. ಹೇಳಲೋ ಬೇಡವೋ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ, ತೆರೆದರೆ ಹಳೆಯದೇ ಹೊರಬಂದರೆ? ತುಟಿ ಕಚ್ಚಿಕೊಂಡು ಸುತ್ತಿದೆ. ಹದಿನಾರು ಗಿಡ.

ಹದಿನೇಳನೆಯದಕ್ಕೆ ಕೈ ನಿಂತಿತು. ತೊಟ್ಟು ಮೇಲೆ. ಕಣ್ಣು ಕೆಳಗೆ.

ಹೇಳಿದರೆ ಎಲ್ಲರೆದುರು ಅವಳ ಮಾನ ಹೋಗುತ್ತದೆ. ಹೇಳದಿದ್ದರೆ... ಅವಳು ಅವತ್ತು ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ಎಷ್ಟು ಕಷ್ಟ ಇದು! ಎರಡೇ ಎರಡು ಮಾತು. ತಲೆ ಎತ್ತಿದರೆ ಅವಳು ಮುಂದಕ್ಕೆ ಹೋಗಿಯೇ ಇರಲಿಲ್ಲ. ಹದಿನೆಂಟನೇ ಗಿಡದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ತುಟಿ ಬಿಗಿ ಹಿಡಿದಿದ್ದಳು, ಗಲ್ಲ ನಡುಗುತ್ತಿತ್ತು.

“ಲೇ! ಇದು ತಲೆಕೆಳಗೆ ಕಣೇ!”

“ಗೊತ್ತು,” ಅಂದಳು. ನಗು ತಡೆಯಲಾಗದೆ ಸಾಲಿನಲ್ಲೇ ಕೂತುಬಿಟ್ಟಳು. “ಹೇಳ್ತೀರೋ ಇಲ್ವೋ ಅಂತ ನೋಡ್ದೆ ಅಕ್ಕ. ಉಸಿರೇ ನಿಂತುಹೋಗಿತ್ತು ನಂಗೆ.” ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

“ದೊಡ್ಡವರ ಕಣ್ಣಿನ ಜೊತೆ ಆಟ ಆಡ್ತೀಯಾ! ನಿನ್ನ...” ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಹತ್ತೊಂಬತ್ತು ವರ್ಷ ಅಲ್ಲ, ಈಗ ಇಪ್ಪತ್ತು, ಮೊದಲ ಸಲ ಅವಳು ಮಾತಿಗೆ ಮಾತು ಕೊಟ್ಟಳು. ಎಂಥ ಬಾಯಿ ಅವಳದು! ನನ್ನನ್ನೂ ಮೀರಿಸಿದಳು. ಮೇಸ್ತ್ರಿ ಓಡಿಬಂದ, ಜಗಳ ಅಂತ.

ಅವಳೇ ಆ ಕಣ್ಣನ್ನು ಮೆಲ್ಲಗೆ ಎಬ್ಬಿಸಿ, ತಿರುಗಿಸಿ, ನೆಟ್ಟಗೆ ಕೂರಿಸಿದಳು. ಹಸಿಯಿತ್ತು, ಏನೂ ಆಗಿರಲಿಲ್ಲ. ನಾನು ಸುತ್ತಿದೆ. ಆಮೇಲೆ ಹೇಳಿದೆ, ನಿನ್ನ ಸೀಳು ಉದ್ದ ಆಗ್ತಿದೆ. “ಹೌದಾ? ತೋರಿಸಿ,” ಅಂದು ಚಾಕುವಿನ ಹಿಡಿಯನ್ನು ನನ್ನ ಕಡೆ ಚಾಚಿದಳು. ತೋರಿಸಿದೆ. ಬೆರಳು ಅಷ್ಟಕ್ಕೆ ಮಡಚಿತು.

ಊಟದ ಡಬ್ಬಿ ಮುಚ್ಚಿ ಆಗಲೇ ಸಾಲಿನ ಹತ್ತಿರ ನಿಂತು ಕೂಗುತ್ತಿದ್ದಾಳೆ, ಬರೆದದ್ದು ಸಾಕು ಬನ್ನಿ, ಕಡ್ಡಿ ಒಣಗುತ್ತೆ ಅಂತ. ನನಗೇ ಹೇಳಿಕೊಡುತ್ತಾಳೆ! ಸರಿಯಾಗೇ ಹೇಳುತ್ತಿದ್ದಾಳೆ. ಹೋಗಬೇಕು, ಇನ್ನೂ ಎಂಟುನೂರ ಚಿಲ್ಲರೆ —